ನೂರು ಯೆನ್ನಿನ ಮೂರು ನಿಮಿಷ

ಜಪಾನಿನ ಈಶಾನ್ಯ ಕರಾವಳಿಯಲ್ಲಿ ಕಮೈಶಿ ಎಂಬ ಊರಿದೆ. ಉಕ್ಕಿನ ಊರು; ಆ ದೇಶದ ಆಧುನಿಕ ಕಬ್ಬಿಣೋದ್ಯಮಕ್ಕೆ ತೊಟ್ಟಿಲಾದ ಊರುಗಳಲ್ಲಿ ಒಂದು. 1958ರಲ್ಲಿ ಅಲ್ಲಿ ಶಿಕ್ಷಕ ದಂಪತಿಗೆ ಹುಟ್ಟಿದ ಮಗ ಯೂ ಸುಜುಕಿ. ಮೋಟಾರ್ ಸೈಕಲ್ ಕಂಪೆನಿಗೂ ಈತನಿಗೂ ನೆಂಟಸ್ತಿಕೆಯಿಲ್ಲ. ನಮ್ಮಲ್ಲಿ ಗೌಡ, ರಾವ್ ಇರುವ ಹಾಗೆ ಜಪಾನಿನಲ್ಲಿ ಸುಜುಕಿ ಎಂಬ ಹೆಸರಿನವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಚಿತ್ರ ಬರೆಯುವುದು, ಗಿಟಾರ್ ನುಡಿಸುವುದು, ದಂತವೈದ್ಯನಾಗುವುದು ಹೀಗೆ ಹಲವು ದಿಕ್ಕಿನಲ್ಲಿ ಮನಸ್ಸು ಹರಿದು, ಕೊನೆಗೆ ಈತ ಒಕಯಾಮಾದ ವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಕಲಿತು 1983ರಲ್ಲಿ ಟೋಕಿಯೋದ ಸೆಗಾ ಕಂಪೆನಿಗೆ ಸೇರಿದ. ಅಲ್ಲಿಂದ ಮುಂದಿನ ಹದಿನೈದು ವರ್ಷಗಳ ಕಥೆ ಒಬ್ಬ ನೌಕರನ ಕಥೆಯಷ್ಟೇ ಅಲ್ಲ, ನಾಣ್ಯ ಹಾಕಿ ಆಡುವ ವಿಡಿಯೊ ಆಟದ ಏರಿಕೆಯ ಕಥೆಯೂ ಹೌದು.

ಸುಜುಕಿ ಸೇರಿದ ಹೊತ್ತಿಗೆ ಜಪಾನಿನ ಆಟದ ಅಂಗಡಿಗಳಿಗೆ ಒಳ್ಳೆಯ ಹೆಸರಿರಲಿಲ್ಲ. 1978ರಲ್ಲಿ ಟೈಟೊ ಕಂಪೆನಿಯ ‘ಸ್ಪೇಸ್ ಇನ್ವೇಡರ್ಸ್’ ಬಂದಾಗ ಎದ್ದ ಹುಚ್ಚಿನಲ್ಲಿ ಗಲ್ಲಿಗಲ್ಲಿಗೂ ಇಂಥ ಅಂಗಡಿಗಳು ಹುಟ್ಟಿದ್ದವು. ಹೊಗೆ ತುಂಬಿದ ಕೋಣೆ, ಮಂದ ಬೆಳಕು, ಶಾಲೆ ತಪ್ಪಿಸಿ ಬಂದ ಹುಡುಗರು - ಇದು ಪೋಷಕರ ಕಣ್ಣಿನ ಚಿತ್ರ. ಜೂಜು, ಕ್ಯಾಬರೆಗಳನ್ನು ನಿಯಂತ್ರಿಸುವ ಕಾನೂನನ್ನು 1984ರಲ್ಲಿ ತಿದ್ದಿದ ಸರ್ಕಾರ ಈ ಅಂಗಡಿಗಳನ್ನೂ ಅದರೊಳಗೆ ಸೇರಿಸಿತು. 1985ರ ಫೆಬ್ರವರಿಯಿಂದ ಮಧ್ಯರಾತ್ರಿಯ ಮೇಲೆ ಅಂಗಡಿ ತೆರೆದಿರುವಂತಿಲ್ಲ. ಇನ್ನೊಂದು ಕಡೆ ನಿಂಟೆಂಡೊದ ಯಂತ್ರ ಮನೆಯ ಟೀವಿಗೇ ಆಟವನ್ನು ತಂದು ಕೂರಿಸುತ್ತಿತ್ತು. ಮನೆಯಲ್ಲೇ ಪುಕ್ಕಟೆ ಆಡುವುದಾದರೆ ಹೊರಗೆ ಹೋಗಿ ನೂರು ಯೆನ್ ಕಳೆಯುವುದೇಕೆ? ಸೆಗಾದ ಮುಂದಿದ್ದದ್ದು ಈ ಪ್ರಶ್ನೆ. ಮನೆಯಲ್ಲಿ ಆಗದ್ದನ್ನು ಕೊಟ್ಟರೆ ಮಾತ್ರ ಅದಕ್ಕೆ ಉತ್ತರ.

1985ರಲ್ಲಿ ಸುಜುಕಿ ಕೊಟ್ಟ ಉತ್ತರದ ಹೆಸರು ‘ಹ್ಯಾಂಗ್-ಆನ್’. ಪರದೆಯ ಮುಂದೆ ನಿಜವಾದ ಬೈಕಿನ ಗಾತ್ರದ ಒಂದು ಬೈಕು. ಅದರ ಮೇಲೆ ಕುಳಿತು ಎಡಕ್ಕೋ ಬಲಕ್ಕೋ ಮೈ ವಾಲಿಸಿದರೆ ಬೈಕೂ ವಾಲುತ್ತದೆ, ಪರದೆಯ ಮೇಲಿನ ಸವಾರನೂ ವಾಲುತ್ತಾನೆ. ಅಲ್ಲಿಯವರೆಗೆ ಬೆರಳ ತುದಿಗೆ ಸೀಮಿತವಾಗಿದ್ದ ಆಟ ಸೊಂಟಕ್ಕೆ, ತೊಡೆಗೆ ಇಳಿಯಿತು. ಜಪಾನೀಯರು ಇದನ್ನು ‘ತೈಕನ್’ ಆಟ ಎಂದರು, ಮೈಯ ಅನುಭವದ ಆಟ. ಇದೇ ಜಾಡಿನಲ್ಲಿ ‘ಸ್ಪೇಸ್ ಹ್ಯಾರಿಯರ್’, ‘ಔಟ್ ರನ್’, ‘ಆಫ್ಟರ್ ಬರ್ನರ್’ ಒಂದರ ಹಿಂದೊಂದು ಬಂದವು. 1990ರ ‘ಆರ್-360’ ಯಂತ್ರವಂತೂ ಆಟಗಾರನನ್ನು ಬೆಲ್ಟಿನಲ್ಲಿ ಬಿಗಿದು ತಲೆಕೆಳಗಾಗಿ ತಿರುಗಿಸುತ್ತಿತ್ತು. ನಮ್ಮ ಜಾತ್ರೆಯ ತೊಟ್ಟಿಲಿಗೂ ವಿಡಿಯೊ ಆಟಕ್ಕೂ ಮದುವೆ ಮಾಡಿಸಿದಂತೆ.

ಈ ಆಟಗಳ ವೇಗದ ಗುಟ್ಟು ಸ್ವಾರಸ್ಯವಾಗಿದೆ. ಆಗಿನ ಯಂತ್ರಗಳಿಗೆ ಮೂರು ಆಯಾಮಗಳ ಲೆಕ್ಕ ಹಾಕುವ ಶಕ್ತಿ ಇರಲಿಲ್ಲ. ಸಿನಿಮಾ ಮಂದಿರದ ಮುಂದೆ ನಿಲ್ಲಿಸುವ ಕಟೌಟನ್ನು ನೆನಪಿಸಿಕೊಳ್ಳಿ. ಅದು ಬರೀ ಚಪ್ಪಟೆ ಹಲಗೆ, ಆದರೆ ನೀವು ಹತ್ತಿರ ಬಂದಂತೆ ದೊಡ್ಡದಾಗುತ್ತದೆ. ಸೆಗಾದ ಎಂಜಿನಿಯರುಗಳು ಮಾಡಿದ್ದು ಇದನ್ನೇ. ಮರ, ಕಲ್ಲು, ಫಲಕ, ಎದುರಾಳಿ ಎಲ್ಲವೂ ಚಪ್ಪಟೆ ಚಿತ್ರಗಳೇ. ಅವುಗಳನ್ನು ಸೆಕೆಂಡಿಗೆ ಅರವತ್ತು ಬಾರಿ ಹಿಗ್ಗಿಸುತ್ತ ಹೋದರೆ ಅವು ಮೈಮೇಲೆ ಬಂದಂತೆ ಕಾಣುತ್ತವೆ. ಆದರೆ ಸುಜುಕಿಯ ತಲೆಯೊಳಗೆ ನಡೆಯುತ್ತಿದ್ದ ಲೆಕ್ಕ ಮಾತ್ರ ಮೊದಲಿನಿಂದಲೂ ಮೂರು ಆಯಾಮದ್ದೇ. ವಸ್ತುಗಳ ಸ್ಥಾನವನ್ನು ಮೂರು ಆಯಾಮದಲ್ಲಿ ಎಣಿಸಿ, ಕೊನೆಯ ಗಳಿಗೆಯಲ್ಲಿ ಚಪ್ಪಟೆ ಮಾಡಿ ತೋರಿಸುತ್ತಿದ್ದೆ ಎಂದು ಆತ ಆಮೇಲೆ ವಿವರಿಸಿದ್ದುಂಟು. ಯಂತ್ರದ ಬಡತನ ಕೆಲವೊಮ್ಮೆ ಕಲ್ಪನೆಗೆ ದಾರಿಯನ್ನೂ ಮಾಡಿಕೊಟ್ಟಿತು. ‘ಸ್ಪೇಸ್ ಹ್ಯಾರಿಯರ್’ನಲ್ಲಿ ಮೊದಲು ಯುದ್ಧವಿಮಾನ ಹಾರಬೇಕಿತ್ತು. ವಿಮಾನವನ್ನು ಎಲ್ಲ ಕೋನಗಳಿಂದ ಬರೆದಿಡಲು ಸ್ಮೃತಿಕೋಶದಲ್ಲಿ ಜಾಗವಿರಲಿಲ್ಲ. ಹಾಗಾಗಿ ವಿಮಾನ ಹೋಗಿ ಮನುಷ್ಯನೇ ಹಾರತೊಡಗಿದ.

ಇವುಗಳಲ್ಲಿ 1986ರ ‘ಔಟ್ ರನ್’ ನನಗೆ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಕೃತಿ ಎನ್ನಿಸುತ್ತದೆ. ಅದಕ್ಕಾಗಿ ಸುಜುಕಿ ಬಾಡಿಗೆಯ ಬಿಎಂಡಬ್ಲ್ಯು ಕಾರಿನಲ್ಲಿ ಫ್ರಾಂಕ್‌ಫರ್ಟ್‌ನಿಂದ ರೋಮಿನವರೆಗೆ ಯೂರೋಪ್ ಸುತ್ತಿದ. ಮೊನಾಕೊದಲ್ಲಿ ಕಣ್ಣಿಗೆ ಬಿದ್ದ ಫೆರಾರಿ ಟೆಸ್ಟಾರೊಸಾ ಮನಸ್ಸಿನಲ್ಲಿ ಕೂತಿತು. ಊರಿಗೆ ಮರಳಿ, ಆ ಕಾರಿದ್ದ ಒಬ್ಬರನ್ನು ಹುಡುಕಿ, ಸುತ್ತಲೂ ಐದೈದು ಡಿಗ್ರಿಗೊಂದರಂತೆ ಫೋಟೊ ತೆಗೆದು, ಎಂಜಿನ್ನಿನ ಸದ್ದನ್ನೂ ಮುದ್ರಿಸಿಕೊಂಡರಂತೆ. ತಂಡದಲ್ಲಿದ್ದವರು ಹತ್ತು ಜನರಷ್ಟೇ. ಹೀಗೆ ಬಂದ ಆಟದಲ್ಲಿ ಪಂದ್ಯವೇ ಇಲ್ಲ. ಎದುರಾಳಿಗಳಿಲ್ಲ, ಮೊದಲ ಸ್ಥಾನ ಎರಡನೆಯ ಸ್ಥಾನಗಳಿಲ್ಲ. ತೆರೆದ ಕಾರು, ಪಕ್ಕದಲ್ಲಿ ಗೆಳತಿ, ಕಡಲತೀರ. ಹೊರಡುವ ಮೊದಲು ರೇಡಿಯೊ ತಿರುಗಿಸಿ ಹಿರೊಶಿ ಕವಾಗುಚಿ ಸಂಯೋಜಿಸಿದ ಮೂರು ರಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ದಾರಿ ಪ್ರತಿ ಹಂತದ ಕೊನೆಯಲ್ಲೂ ಎರಡಾಗಿ ಕವಲೊಡೆಯುತ್ತದೆ, ಎತ್ತ ತಿರುಗಬೇಕೆಂಬುದು ನಿಮ್ಮಿಷ್ಟ. ಐದು ಗುರಿಗಳಲ್ಲಿ ಯಾವುದನ್ನಾದರೂ ಸೇರಬಹುದು. ಗಡಿಯಾರವೊಂದೇ ಶತ್ರು.

ಆ ಗಡಿಯಾರ ಮಾಲೀಕನ ಗಡಿಯಾರ ಎಂಬುದನ್ನು ಮರೆಯಬಾರದು. ಆಟದ ಅಂಗಡಿಯ ಲೆಕ್ಕಾಚಾರ ಸರಳ: ಒಬ್ಬ ಆಟಗಾರ ನೂರು ಯೆನ್ನಿಗೆ ಸುಮಾರು ಮೂರು ನಿಮಿಷ ಆಡಿ ಎದ್ದರೆ ಯಂತ್ರದ ಬೆಲೆ ಹುಟ್ಟುತ್ತದೆ. ಹತ್ತು ನಿಮಿಷ ಕೂತರೆ ಅಂಗಡಿಗೆ ನಷ್ಟ, ಅರ್ಧ ನಿಮಿಷದಲ್ಲಿ ಸೋತರೆ ಅವನು ಮತ್ತೆ ಬರುವುದಿಲ್ಲ. ಆ ಮೂರು ನಿಮಿಷದೊಳಗೆ ಒಂದು ಊರು, ಒಂದು ಬಿಸಿಲು, ಒಂದು ಪ್ರಯಾಣವನ್ನು ತುಂಬಿ, ಸೋತವನಿಗೂ ದುಡ್ಡು ದಂಡವಾಯಿತು ಎನ್ನಿಸದಂತೆ ಮಾಡುವುದು ಸಣ್ಣ ಕಸುಬಲ್ಲ. ಹಾಗಿದ್ದೂ ಆ ಕಾಲದಲ್ಲಿ ಆಟ ಮಾಡಿದವರ ಹೆಸರು ಹೊರಗೆ ಬರುತ್ತಿದ್ದುದು ಕಡಿಮೆ. ಒಳ್ಳೆಯ ನೌಕರರನ್ನು ಬೇರೆಯವರು ಸೆಳೆದುಕೊಂಡಾರೆಂದು ಜಪಾನಿ ಕಂಪೆನಿಗಳು ಹೆಸರುಗಳನ್ನು ಮುಚ್ಚಿಡುತ್ತಿದ್ದವು.

1990ರ ನಂತರ ಲೆಕ್ಕ ಬದಲಾಯಿತು. ಸುಜುಕಿಯ ವಿಭಾಗ ‘ಎಎಂ-2’ ಈಗ ಕಟೌಟುಗಳನ್ನು ಬಿಟ್ಟು ಬಹುಭುಜಗಳಿಗೆ, ಅಂದರೆ ಸಣ್ಣ ಸಣ್ಣ ಪಟ್ಟಿಗಳನ್ನು ಜೋಡಿಸಿ ಘನಾಕೃತಿ ಕಟ್ಟುವ ವಿಧಾನಕ್ಕೆ ಬಂತು. 1992ರ ‘ವರ್ಚುವ ರೇಸಿಂಗ್’ನಲ್ಲಿ ಗುಂಡಿ ಒತ್ತಿದರೆ ಅದೇ ಓಟವನ್ನು ನಾಲ್ಕು ದೃಷ್ಟಿಕೋನಗಳಿಂದ ನೋಡಬಹುದಿತ್ತು. ಮರುವರ್ಷ ಬಂದದ್ದು ‘ವರ್ಚುವ ಫೈಟರ್’. ಅದರ ಜಟ್ಟಿಗಳು ರಟ್ಟಿನ ಗೊಂಬೆಗಳಂತಿದ್ದರು, ಮುಖದಲ್ಲಿ ಕಳೆ ಇರಲಿಲ್ಲ. ಆದರೆ ಅವರಿಗೆ ತೂಕವಿತ್ತು. ಬಿದ್ದರೆ ಬಿದ್ದಂತೆ, ಎದ್ದರೆ ಎದ್ದಂತೆ ಕಾಣುತ್ತಿತ್ತು. ಆಗ ಜನಪ್ರಿಯವಾಗಿದ್ದ ‘ಸ್ಟ್ರೀಟ್ ಫೈಟರ್’ಗೆ ಆರು ಗುಂಡಿಗಳಿದ್ದರೆ ಇದಕ್ಕೆ ಮೂರೇ: ಗುದ್ದು, ಒದೆ, ತಡೆ. ಬಾಯಿಂದ ಬೆಂಕಿ, ಅಂಗೈಯಿಂದ ಮಿಂಚು ಯಾವುದೂ ಇಲ್ಲ. ನಾಯಕ ಅಕಿರಾನ ಪಟ್ಟುಗಳು ಚೀನಾದ ಬಾಜಿಚುವಾನ್ ವಿದ್ಯೆಯವು. ಅಂಥವನ್ನು ಅರಿಯಲು ಸುಜುಕಿ ಚೀನಾಕ್ಕೇ ಹೋಗಿ ಗುರುಗಳನ್ನು ಕಂಡಿದ್ದ.

1994ರ ಎರಡನೆಯ ಭಾಗದ ಹಿಂದೆ ಇನ್ನೊಂದು ಸಂಗತಿಯಿದೆ. ರಟ್ಟಿನ ಗೊಂಬೆಗಳ ಮೇಲೆ ಬಟ್ಟೆ, ಚರ್ಮಗಳ ಮೇಲ್ಮೈಯನ್ನು ಹೊದಿಸುವ ತಂತ್ರ ಆಗ ಇದ್ದದ್ದು ಅಮೆರಿಕದ ಸೈನಿಕ ವಿಮಾನ ತರಬೇತಿ ಯಂತ್ರಗಳಲ್ಲಿ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಹುಟ್ಟಿ ಮುಂದೆ ಲಾಕ್‌ಹೀಡ್ ಮಾರ್ಟಿನ್ ಪಾಲಾದ ತಂತ್ರ ಅದು. ಸುಜುಕಿಯೇ ಹೇಳಿರುವ ಪ್ರಕಾರ ಚಿಪ್ಪೊಂದಕ್ಕೆ ಅವರು ಹೇಳಿದ ಬೆಲೆ 20 ಲಕ್ಷ ಡಾಲರ್. ಸೆಗಾ ಅದನ್ನು ಆಟದ ಯಂತ್ರಕ್ಕೆ ಒಗ್ಗಿಸಿ 5,000 ಯೆನ್ನಿಗೆ ಇಳಿಸಬೇಕಾಯಿತು. ಸಮರಕ್ಕೆಂದು ತಯಾರಾದ ವಸ್ತು ಹುಡುಗರ ಕಾಲಕ್ಷೇಪಕ್ಕೆ ಬಂದದ್ದು ಹೀಗೆ. ಟೋಕಿಯೋದ ಅಂಗಡಿಗಳಲ್ಲಿ ಈ ಆಟದ ನಿಪುಣರು ತಾರೆಗಳೇ ಆದರು. ರೈಲು ನಿಲ್ದಾಣ ಮತ್ತು ಪಾತ್ರದ ಹೆಸರು ಸೇರಿಸಿ ‘ಶಿಂಜುಕು ಜಾಕಿ’, ‘ಇಕೆಬುಕುರೊ ಸಾರಾ’ ಎಂದು ಅವರನ್ನು ಕರೆಯುತ್ತಿದ್ದರು. ನಮ್ಮ ಪೈಲ್ವಾನರಿಗೆ, ಕಲಾವಿದರಿಗೆ ಊರ ಹೆಸರು ಅಂಟಿಕೊಳ್ಳುವುದಿಲ್ಲವೇ, ಹಾಗೆ. 1998ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ‘ವರ್ಚುವ ಫೈಟರ್’ ಅನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಅಷ್ಟು ಹೊತ್ತಿಗೆ ಸುಜುಕಿಗೆ ಮೂರು ನಿಮಿಷದ ಪಂಜರ ಸಾಕಾಗಿತ್ತು. 1999ರ ಡಿಸೆಂಬರಿನಲ್ಲಿ ಸೆಗಾದ ಮನೆ ಯಂತ್ರ ಡ್ರೀಮ್‌ಕಾಸ್ಟ್‌ಗಾಗಿ ಬಂದ ‘ಶೆನ್ಮೂ’ ಗಡಿಯಾರಕ್ಕೇ ಎದುರು ನಿಂತ ಆಟ. 1986ರ ಯೊಕೊಸುಕಾ ಪಟ್ಟಣ, ತಂದೆಯ ಕೊಲೆಗಾರನನ್ನು ಹುಡುಕುವ ಹುಡುಗ. ಅವನು ಬೀದಿಯಲ್ಲಿ ಅಲೆಯಬಹುದು, ಬಡುಗಳನ್ನು ತೆರೆದು ನೋಡಬಹುದು, ಬಂದರಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೂಲಿಗೆ ಹೋಗಬೇಕು. ಅಂಗಡಿಗಳು ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತವೆ. ಆ ವರ್ಷದ ನಿಜವಾದ ಹವಾಮಾನ ದಾಖಲೆಯಂತೆ ಮಳೆ, ಹಿಮ ಬೀಳುವ ವ್ಯವಸ್ಥೆಯೂ ಇತ್ತು. ಪಟ್ಟಣದ ಆಟದ ಅಂಗಡಿಗೆ ಹೊಕ್ಕರೆ ಅಲ್ಲಿ ‘ಹ್ಯಾಂಗ್-ಆನ್’ ಯಂತ್ರ; ಹುಡುಗ ನಾಣ್ಯ ಹಾಕಿ ಆಡಬಹುದು.

ವೆಚ್ಚವೂ ಅದಕ್ಕೆ ತಕ್ಕಂತೆ ಏರಿತು. 7 ಕೋಟಿ ಡಾಲರ್ ಎಂದು ಆಗ ಸುದ್ದಿಯಾಯಿತು, 4.7 ಕೋಟಿ ಎಂದು 2011ರಲ್ಲಿ ಸುಜುಕಿ ಹೇಳಿದ. ಯಾವುದನ್ನೇ ಹಿಡಿದರೂ ಆ ಕಾಲಕ್ಕೆ ಮಿತಿಮೀರಿದ ಮೊತ್ತ. 2001ರಲ್ಲಿ ಡ್ರೀಮ್‌ಕಾಸ್ಟ್ ಕೈಬಿಟ್ಟ ಸೆಗಾ ಮನೆ ಯಂತ್ರಗಳ ವ್ಯಾಪಾರದಿಂದಲೇ ಹೊರಬಂತು. ಅದೇ ವರ್ಷ ಬಂದ ಎರಡನೆಯ ಭಾಗದೊಂದಿಗೆ ಕಥೆ ಅರ್ಧಕ್ಕೇ ನಿಂತಿತು. ಕಂಪೆನಿಯ ಸೋಲನ್ನು ಈ ಒಂದು ಆಟದ ತಲೆಗೆ ಕಟ್ಟುವವರಿದ್ದಾರೆ. ಅದು ನ್ಯಾಯವಲ್ಲ, ಸೋನಿಯ ಪ್ಲೇಸ್ಟೇಷನ್ನಿನ ಮುಂದೆ ಸೆಗಾ ವರ್ಷಗಳಿಂದಲೇ ಸೋಲುತ್ತಿತ್ತು. ಆದರೆ ಗಡಿಯಾರದ ಬಿಗಿಯಲ್ಲಿ ಅರಳಿದ ಕೈ, ಬಿಗಿ ಸಡಿಲಿದಾಗ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಹೋಯಿತು ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ‘ಔಟ್ ರನ್’ನಲ್ಲಿ ಇಲ್ಲದ ಬೇಸರ ‘ಶೆನ್ಮೂ’ವಿನಲ್ಲಿ ಅಲ್ಲಲ್ಲಿ ಇದೆ. ಆ ಬೇಸರವನ್ನೇ ಬದುಕಿನ ಲಯವೆಂದು ಪ್ರೀತಿಸಿದವರೂ ಇದ್ದಾರೆ.

2011ರಲ್ಲಿ ಸುಜುಕಿ ಸೆಗಾ ಬಿಟ್ಟ. 2015ರಲ್ಲಿ ಮೂರನೆಯ ಭಾಗಕ್ಕೆಂದು ಜನರ ಮುಂದೆ ವಂತಿಗೆ ಕೇಳಿದಾಗ ಸುಮಾರು 69 ಸಾವಿರ ಮಂದಿ 63 ಲಕ್ಷ ಡಾಲರ್ ಕೊಟ್ಟರು. ಆಟ 2019ರ ನವೆಂಬರಿನಲ್ಲಿ ಬಂತು, ಕಥೆ ಆಗಲೂ ಮುಗಿಯಲಿಲ್ಲ. ಮರುವರ್ಷ ಸೆಗಾ ತನ್ನ ಆಟದ ಅಂಗಡಿಗಳ ವ್ಯವಹಾರದ ಬಹುಪಾಲನ್ನು ಜೆಂಡಾ ಎಂಬ ಕಂಪೆನಿಗೆ ಮಾರಿತು. 2022ರಲ್ಲಿ ಉಳಿದದ್ದನ್ನೂ ಮಾರಿದಾಗ ಅಂಗಡಿಗಳ ಫಲಕದಿಂದ ಸೆಗಾ ಎಂಬ ಹೆಸರು ಇಳಿಯಿತು. ಅದೇ 2022ರಲ್ಲಿ ಸುಜುಕಿ ‘ಏರ್ ಟ್ವಿಸ್ಟರ್’ ಎಂಬ ಹೊಸ ಆಟ ತಂದ. ಹಾರುತ್ತಾ ಗುಂಡು ಹಾರಿಸುವ, ಹಳೆಯ ‘ಸ್ಪೇಸ್ ಹ್ಯಾರಿಯರ್’ನ ವಂಶದ ಆಟ. ಅದು ಮೊದಲು ಬಂದದ್ದು ಫೋನಿನಲ್ಲಿ ಆಡುವವರಿಗೆ, ತಿಂಗಳ ಚಂದಾ ತೆತ್ತು ಪಡೆಯುವ ಒಂದು ಸೇವೆಯ ಮೂಲಕ. ಆ ಸೇವೆಯ ಹೆಸರು ಆಪಲ್ ಆರ್ಕೇಡ್; ನಾಣ್ಯ ಹಾಕುವ ತೂತು ಅದಕ್ಕಿಲ್ಲ.