ಸ್ವಂತ ವಿಮಾನವೂ ಆದಾಯ ತೆರಿಗೆಯೂ: ಅಮೆರಿಕದ ಶಾಸನ ಚರಿತ್ರೆಯ ಒಂದು ಅಧ್ಯಾಯ

ತೆರಿಗೆಯ ಶಾಸನಗಳು ಚರಿತ್ರೆಯ ಅಭ್ಯಾಸಿಗೆ ನೀರಸವೆಂದು ತೋರುವುದು ಸಹಜ. ಆದರೂ ಒಂದು ಸಮಾಜವು ದುಡಿಮೆಗೂ ವಿಲಾಸಕ್ಕೂ ನಡುವೆ ಗೆರೆಯನ್ನು ಎಲ್ಲಿ ಎಳೆಯಿತೆಂಬುದನ್ನು ತಿಳಿಯಲು ಅವುಗಳಷ್ಟು ನೆರವಾಗುವ ಆಕರಗಳು ವಿರಳ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಣ್ಣ ಉದ್ಯಮಿಯೊಬ್ಬನು ತನ್ನ ವ್ಯವಹಾರಕ್ಕೆಂದು ವಿಮಾನವನ್ನು ಕೊಂಡಾಗ, ಅದರ ಬೆಲೆಯನ್ನು ಆದಾಯದಿಂದ ಕಳೆಯಲು ಸರ್ಕಾರವು ಯಾವ ಯಾವ ನಿಬಂಧನೆಗಳ ಮೇಲೆ ಸಮ್ಮತಿಸಿತು ಎಂಬುದನ್ನು ಇಲ್ಲಿ ವಿವೇಚಿಸಲು ನಾವು ಉದ್ದೇಶಿಸಿದ್ದೇವೆ. ರಿಯಾಯಿತಿಯ ಪ್ರಮಾಣವು ಕಾಲಕಾಲಕ್ಕೆ ಏರಿಳಿದಿದೆ. ಹಾರಾಟದ ಉದ್ದೇಶವನ್ನು ದಾಖಲೆಯಿಂದಲೇ ಸ್ಥಾಪಿಸಬೇಕೆಂಬ ನಿಯಮವಾದರೋ ಒಮ್ಮೆ ಬಂದ ಮೇಲೆ ಹೋಗಲಿಲ್ಲ. ಈ ಎರಡನೆಯ ಸಂಗತಿಯೇ ಹೆಚ್ಚು ಮಹತ್ತ್ವದ್ದೆಂದು ನಮ್ಮ ಅಭಿಪ್ರಾಯ.

ಎರಡನೆಯ ಮಹಾಯುದ್ಧದ ತರುವಾಯ ಆ ದೇಶದಲ್ಲಿ ಲಘು ವಿಮಾನಗಳು ಸಾಮಾನ್ಯ ವರ್ತಕನ ಕೈಗೆಟುಕತೊಡಗಿದವು. 1947ರಲ್ಲಿ ಬೀಚ್‌ಕ್ರಾಫ್ಟ್ ಬೊನಾಂಜಾ, 1956ರಲ್ಲಿ ಸೆಸ್ನಾ 172 ಮಾರುಕಟ್ಟೆಗೆ ಬಂದವು. ಊರಿಂದೂರಿಗೆ ನೂರಾರು ಮೈಲಿ ದೂರವಿರುವ ಪ್ರಾಂತಗಳಲ್ಲಿ, ವಿಮಾನ ಕಂಪನಿಗಳು ಸುಳಿಯದ ಸಣ್ಣ ನಿಲ್ದಾಣಗಳಿಗೆ ಹೋಗಿಬರಬೇಕಾದ ವರ್ತಕನಿಗೆ ಇಂಥದೊಂದು ವಾಹನವು ನಿಜವಾದ ಸಾಧನವೇ ಆಗಿತ್ತು. ಆದರೆ ಅದೇ ವಾಹನವು ಭಾನುವಾರ ಮೀನು ಹಿಡಿಯುವ ಸರೋವರಕ್ಕೂ ಹಾರಬಲ್ಲುದು. ತೆರಿಗೆಯ ಅಧಿಕಾರಿಗೆ ತೊಡಕು ಹುಟ್ಟಿದ್ದು ಇಲ್ಲಿಯೇ.

1954ರ ಸಂಹಿತೆಯು ಹೊಸ ಸ್ವತ್ತುಗಳಿಗೆ ತೀವ್ರಗತಿಯ ಸವಕಳಿಯನ್ನು ಅನುಮತಿಸಿತು. ಅಂದರೆ ಸ್ವತ್ತಿನ ಬೆಲೆಯ ಹೆಚ್ಚು ಪಾಲನ್ನು ಮೊದಲ ವರ್ಷಗಳಲ್ಲಿಯೇ ಆದಾಯದಿಂದ ಕಳೆಯಬಹುದಾಯಿತು. ಸಣ್ಣ ಉದ್ಯಮಗಳಿಗೆಂದೇ 1958ರಲ್ಲಿ ಬಂದ ಶಾಸನವು ಮೊದಲ ವರ್ಷಕ್ಕೆ ಇನ್ನಷ್ಟು ರಿಯಾಯಿತಿಯನ್ನು ಕೂಡಿಸಿತು. ಆ ಕಾಲದ ದರಗಳನ್ನು ನೆನೆದರೆ ಇದರ ಬೆಲೆ ಗೊತ್ತಾಗುತ್ತದೆ. ವ್ಯಕ್ತಿಗಳ ಮೇಲಿನ ಅತ್ಯುಚ್ಚ ದರ 91 ಶೇಕಡ. ಮೂಲಧನದ ಲಾಭದ ಮೇಲಿನ ದರವಾದರೋ 25 ಶೇಕಡವನ್ನು ಮೀರುತ್ತಿರಲಿಲ್ಲ. ಆದಕಾರಣ ವಿಮಾನದ ಬೆಲೆಯನ್ನು ಹೆಚ್ಚಿನ ದರದ ಆದಾಯದಿಂದ ಬೇಗನೆ ಕಳೆದು, ಬಳಿಕ ಅದನ್ನು ಒಳ್ಳೆಯ ಬೆಲೆಗೆ ಮಾರಿ, ಬಂದ ಲಾಭಕ್ಕೆ ಕಡಿಮೆ ದರದ ತೆರಿಗೆಯನ್ನು ತೆರುವ ದಾರಿ ತೆರೆದಿತ್ತು.

ಈ ದಾರಿಯನ್ನು ಮುಚ್ಚಿದ್ದು ಕೆನಡಿಯವರ ಕಾಲದ 1962ರ ಕಂದಾಯ ಶಾಸನ. ಒಂದೇ ಶಾಸನವು ಕೊಟ್ಟಿತು, ಕಿತ್ತುಕೊಂಡಿತು, ಎಚ್ಚರಿಸಿತು ಎಂದರೆ ಅತಿಶಯೋಕ್ತಿಯಾಗದು. ಹೊಸ ಯಂತ್ರೋಪಕರಣಗಳನ್ನು ಕೊಂಡವನಿಗೆ ಬೆಲೆಯ 7 ಶೇಕಡದವರೆಗೆ ತೆರಿಗೆಯಲ್ಲಿಯೇ ನೇರವಾಗಿ ಮುಜರಾ ದೊರೆಯಿತು. ಮಾರಾಟದ ಕಾಲದಲ್ಲಿ, ಹಿಂದೆ ಸವಕಳಿಯೆಂದು ಕಳೆದಿದ್ದ ಮೊತ್ತದಷ್ಟು ಲಾಭವನ್ನು ಸಾಮಾನ್ಯ ಆದಾಯವೆಂದೇ ಎಣಿಸಬೇಕೆಂದು ವಿಧಿಸಲಾಯಿತು. ಈ ವಿಧಿಯು ಇಂದಿಗೂ ಕೊಳ್ಳುವವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಹತ್ತು ಲಕ್ಷ ಡಾಲರಿಗೆ ಕೊಂಡ ವಿಮಾನದ ಪೂರ್ಣ ಬೆಲೆಯನ್ನು ಕಳೆದವನು ಅದನ್ನು ಏಳು ಲಕ್ಷಕ್ಕೆ ಮಾರಿದನೆನ್ನೋಣ. ಲೋಕದೃಷ್ಟಿಯಲ್ಲಿ ಅವನಿಗೆ ಮೂರು ಲಕ್ಷ ನಷ್ಟ. ತೆರಿಗೆಯ ಲೆಕ್ಕದಲ್ಲಿ ಏಳು ಲಕ್ಷವೂ ಆದಾಯ. ಆ ಹಣವನ್ನು ಅವನು ಅಷ್ಟರಲ್ಲಿ ಖರ್ಚುಮಾಡಿದ್ದರೆ ಸಣ್ಣ ಉದ್ಯಮವು ಮುಗ್ಗರಿಸುವುದೂ ಉಂಟು.

ಎಚ್ಚರಿಕೆಯ ಭಾಗವು ಇನ್ನೂ ಸ್ವಾರಸ್ಯವಾದುದು. ರಂಗಭೂಮಿಯ ಪ್ರಸಿದ್ಧ ನಟನೂ ನಾಟಕಕಾರನೂ ಆದ ಜಾರ್ಜ್ ಎಂ. ಕೋಹನ್ ಎಂಬುವನು ಪ್ರಯಾಣಕ್ಕೂ ಆತಿಥ್ಯಕ್ಕೂ ಧಾರಾಳವಾಗಿ ವೆಚ್ಚಮಾಡಿ, ರಸೀತಿಯೊಂದನ್ನೂ ಇಡದೆ ಕಡಿತವನ್ನು ಕೇಳಿದ್ದನು. ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಅವರು 1930ರಲ್ಲಿ, ವೆಚ್ಚವಾದುದು ನಿಜವಾಗಿರುವಾಗ ಅಧಿಕಾರಿಗಳು ಅಂದಾಜಿನಿಂದಲಾದರೂ ಒಂದು ಮೊತ್ತವನ್ನು ಒಪ್ಪಬೇಕೆಂದು ತೀರ್ಪಿತ್ತರು. ಮೂರು ದಶಕಗಳ ಕಾಲ ವರ್ತಕರು ಈ ತೀರ್ಪಿನ ನೆರಳಿನಲ್ಲಿ ನೆಮ್ಮದಿಯಿಂದಿದ್ದರು. 1962ರ ಶಾಸನವು ಪ್ರಯಾಣ ಮತ್ತು ಮನರಂಜನೆಗಳ ಮಟ್ಟಿಗೆ ಅದನ್ನು ತೊಡೆದುಹಾಕಿ, ಮೊತ್ತ, ಕಾಲ, ಸ್ಥಳ, ವ್ಯವಹಾರದ ಉದ್ದೇಶ ಇವುಗಳಿಗೆ ತಕ್ಕ ಆಧಾರವನ್ನು ಕೇಳಿತು. ಅಂದಿನಿಂದ ವಿಮಾನದ ದಿನಚರಿ ಪುಸ್ತಕವು ಚಾಲಕನದು ಮಾತ್ರವಾಗಿ ಉಳಿಯದೆ ಲೆಕ್ಕಪರಿಶೋಧಕನದೂ ಆಯಿತು.

ಮುಂದಿನ ಎರಡು ದಶಕಗಳ ಏರಿಳಿತಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮುಜರಾ ಪದ್ಧತಿಯನ್ನು ರದ್ದುಪಡಿಸಿದರು, ಮತ್ತೆ ತಂದರು. ಕೊನೆಗೆ 1986ರಲ್ಲಿ ತೆಗೆದುಹಾಕಿದರು. ನಡುವೆ 1984ರಲ್ಲಿ ಬಂದ ನಿಬಂಧನೆ ಮಾತ್ರ ನೆನಪಿಡತಕ್ಕದ್ದು: ವಿಮಾನದ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವ್ಯವಹಾರಕ್ಕಾಗಿ ಇಲ್ಲದಿದ್ದರೆ ತೀವ್ರಗತಿಯ ಸವಕಳಿ ದೊರೆಯದು, ಮುಂದೊಂದು ವರ್ಷ ಆ ಪಾಲು ಕುಸಿದರೆ ಹಿಂದೆ ಪಡೆದ ಹೆಚ್ಚುವರಿಯನ್ನು ಆದಾಯಕ್ಕೆ ಮರಳಿ ಸೇರಿಸಬೇಕು. ಹೊಣೆಗಾರಿಕೆಯ ದಾವೆಗಳ ಹೊರೆಯೂ ಸೇರಿ ಲಘು ವಿಮಾನಗಳ ಉದ್ಯಮವು ಆ ವರ್ಷಗಳಲ್ಲಿ ತೀರ ಸೊರಗಿತು. 1978ರಲ್ಲಿ 17,000ಕ್ಕೂ ಮಿಕ್ಕು ತಯಾರಾದ ವಿಮಾನಗಳು 1994ರ ವೇಳೆಗೆ ಸಾವಿರಕ್ಕಿಂತಲೂ ಕೆಳಗಿಳಿದಿದ್ದವು.

2001ರಲ್ಲಿ ಸದರ್ಲೆಂಡ್ ಲಂಬರ್ ಮೊಕದ್ದಮೆಯ ಮೇಲ್ಮನವಿಯ ತೀರ್ಪು ಹೊರಬಿತ್ತು. ಅಧಿಕಾರಿಗಳ ವಿಹಾರ ಪ್ರಯಾಣವನ್ನು ಅವರ ಸಂಬಳದ ಭಾಗವೆಂದು ಸರ್ಕಾರದ ಸೂತ್ರದಂತೆ ಅಲ್ಪ ಬೆಲೆಗೆ ಎಣಿಸಿದರೂ, ಕಂಪನಿಯು ಆ ಹಾರಾಟದ ಪೂರ್ಣ ವೆಚ್ಚವನ್ನು ಕಳೆಯಬಹುದೆಂದು ನ್ಯಾಯಾಲಯ ಒಪ್ಪಿತು. ಕಾಂಗ್ರೆಸ್ಸು 2004ರಲ್ಲಿ ಇದನ್ನು ತಿದ್ದಿ, ಒಡೆಯರೂ ಉನ್ನತಾಧಿಕಾರಿಗಳೂ ಮಾಡುವ ಇಂಥ ಪ್ರಯಾಣಗಳಿಗೆ ಸಂಬಳವೆಂದು ಎಣಿಸಿದ ಮೊತ್ತದಷ್ಟು ಮಾತ್ರ ಕಡಿತವನ್ನು ಉಳಿಸಿತು.

ಇಲ್ಲೊಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕು. ಹೊಣೆಯಿಂದ ಪಾರಾಗಲೆಂದು ವಿಮಾನವನ್ನು ಬೇರೊಂದು ಕಂಪನಿಯ ಹೆಸರಿಗೆ ಮಾಡಿ, ಆ ಕಂಪನಿಯಿಂದಲೇ ಹಾರಾಟವನ್ನು ನಡೆಸಿ ಬಾಡಿಗೆ ತೆರುವುದು ಎಷ್ಟೋ ಮಂದಿಗೆ ಜಾಣತನವೆನಿಸುತ್ತದೆ. ವಿಮಾನಯಾನದ ಇಲಾಖೆಯಾದರೋ, ಬೇರೆ ಉದ್ಯೋಗವಿಲ್ಲದೆ ಒಡೆಯನನ್ನು ಹಣಕ್ಕೆ ಸಾಗಿಸುವ ಇಂಥ ಕಂಪನಿಯನ್ನು ವಾಣಿಜ್ಯ ವಾಹಕವೆಂದೇ ಪರಿಗಣಿಸಿ ಅದಕ್ಕೆ ತಕ್ಕ ಪ್ರಮಾಣಪತ್ರವನ್ನು ಕೇಳುತ್ತದೆ. ಒಂದು ಕಾಯಿದೆಯನ್ನು ತೃಪ್ತಿಪಡಿಸಲು ಹೋಗಿ ಇನ್ನೊಂದನ್ನು ಮುರಿದವರು ಹಲವರು.

2017ರ ಶಾಸನವು ಹೊಸ ವಿಮಾನಕ್ಕೂ ಬಳಸಿದ ವಿಮಾನಕ್ಕೂ ಪೂರ್ಣ ಬೆಲೆಯನ್ನು ಮೊದಲ ವರ್ಷವೇ ಕಳೆಯಲು ಅವಕಾಶವಿತ್ತಿತು. ಹಳೆಯ ವಿಮಾನಕ್ಕೆ ಬದಲಾಗಿ ಹೊಸದನ್ನು ಪಡೆದು ತೆರಿಗೆಯನ್ನು ಮುಂದೂಡುವ ಸೌಲಭ್ಯವನ್ನು ಅದೇ ಶಾಸನವು ನಿಲ್ಲಿಸಿತು. 2023ರಿಂದ ಈ ರಿಯಾಯಿತಿಯು 80, 60, 40 ಶೇಕಡ ಎಂದು ಇಳಿಯತೊಡಗಿತ್ತು. 2025ರ ಜುಲೈ 4ರ ಶಾಸನವು, ಆ ವರ್ಷದ ಜನವರಿ 19ರ ತರುವಾಯ ಪಡೆದ ಸ್ವತ್ತುಗಳಿಗೆ ಪೂರ್ಣ ಕಡಿತವನ್ನು ಶಾಶ್ವತಗೊಳಿಸಿತು. ಇದಕ್ಕೆ ಒಂದು ವರ್ಷ ಮೊದಲು, 2024ರ ಫೆಬ್ರವರಿಯಲ್ಲಿ, ಕಂದಾಯ ಇಲಾಖೆಯು ಕಂಪನಿಗಳ ಜೆಟ್ ವಿಮಾನಗಳ ಬಳಕೆಯನ್ನು ವಿಶೇಷವಾಗಿ ಪರಿಶೋಧಿಸುವುದಾಗಿ ಸಾರಿತ್ತು. ಕೊಳ್ಳುವವನಿಗೆ 1962ರ ನಾಲ್ಕು ಪ್ರಶ್ನೆಗಳು ಹಾಗೆಯೇ ಉಳಿದಿವೆ: ಎಷ್ಟು ವೆಚ್ಚವಾಯಿತು, ಯಾವಾಗ, ಎಲ್ಲಿಗೆ, ಯಾತಕ್ಕೆ?