ಚಂದ್ರಿ ಇದ್ದ ಜೈಲು

ಬೆಂಗಳೂರಿನಲ್ಲಿ ಧರಣಿ, ಮೆರವಣಿಗೆ ಏನೇ ಇದ್ದರೂ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿನಲ್ಲೇ ಮಾಡಬೇಕು ಎಂಬ ಆದೇಶ ಹೊರಟಿದ್ದು 2021ರಲ್ಲಿ. ಅಲ್ಲಿಂದೀಚೆಗೆ ರೈತರು ಬರಲಿ, ಅಂಗನವಾಡಿಯವರು ಬರಲಿ, ಎಲ್ಲರ ದಾರಿಯೂ ಅಲ್ಲಿಗೇ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ಚಳಿಯಲ್ಲಿ ಹಗಲೂ ರಾತ್ರಿಯೂ ಅಲ್ಲಿ ಕೂತಿದ್ದರು. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಳು. ನೋಡಲು ಹೋದಾಗ, “ಈ ಗೋಪುರ ಯಾತರದ್ದು ಮೇಡಂ?” ಎಂದು ಕೇಳಿದಳು.

ಅದು ಜೈಲಿನ ಕಾವಲು ಗೋಪುರ. ನಡುವೆ ಗೋಪುರ, ಅದರ ಸುತ್ತ ಬ್ಯಾರಕ್ಕುಗಳು. ಮೇಲೆ ನಿಂತ ಪಹರೆಯವನಿಗೆ ಎಲ್ಲವೂ ಕಾಣಬೇಕೆಂದು ಕಟ್ಟಿದ್ದು. ಬ್ರಿಟಿಷರ ಕಾಲದಿಂದ ಇದ್ದ ಸೆಂಟ್ರಲ್ ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, 2008ರಲ್ಲಿ ಈ ಜಾಗ ಉದ್ಯಾನವಾಗಿ ತೆರೆಯಿತು. ಜೈಲಿನ ಕತೆ ಹೇಳುವವರೆಲ್ಲ ತುರ್ತು ಪರಿಸ್ಥಿತಿ ಘೋಷಣೆಯ ಮರುದಿನವಾದ 1975ರ ಜೂನ್ 26ರಿಂದ ಶುರುಮಾಡುತ್ತಾರೆ. ಪಕ್ಷಾಂತರ ಮಸೂದೆಯ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅಂದು ಬಂಧನಕ್ಕೊಳಗಾಗಿ ಇಲ್ಲಿಗೆ ಬಂದರು. ಅಡ್ವಾಣಿಯವರ ಜೈಲು ಟಿಪ್ಪಣಿಗಳು ಪುಸ್ತಕವಾದವು. ಅದನ್ನು ಬಹಳ ಜನ ಓದಿದ್ದಾರೆ.

ಇದೇ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಇದ್ದರು ಎಂದು ಆ ಹುಡುಗಿಗೆ ಹೇಳಿದೆ. ಹೆಸರು ಅವಳಿಗೆ ಗೊತ್ತಿರಲಿಲ್ಲ. “ನಿನಗೆ ಪಾಠ ಮಾಡಿದ ‘ಸಂಸ್ಕಾರ’ದ ಚಂದ್ರಿ ಕಣೇ, ಸಿನಿಮಾದಲ್ಲಿ” ಎಂದಾಗ ಅವಳ ಮುಖದಲ್ಲಿ ಗುರುತು ಮೂಡಿತು.

ಅನಂತಮೂರ್ತಿಯವರ ಕಾದಂಬರಿ ಬಂದದ್ದು 1965ರಲ್ಲಿ. ಅದನ್ನು ಸಿನಿಮಾ ಮಾಡಿದವರು ಕನ್ನಡ ಚಿತ್ರರಂಗದವರಲ್ಲ. ತೆಲುಗು ಕವಿ, ಲೋಹಿಯಾವಾದಿ ಪಟ್ಟಾಭಿರಾಮ ರೆಡ್ಡಿ. ಅವರ ಹೆಂಡತಿ ಸ್ನೇಹಲತಾ ಮದ್ರಾಸ್ ಪ್ಲೇಯರ್ಸ್ ತಂಡ ಕಟ್ಟಿದವರಲ್ಲಿ ಒಬ್ಬರು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ್, ನಾರಣಪ್ಪನಾಗಿ ಲಂಕೇಶ್. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಣವಾಯಿತು. ಸೆನ್ಸಾರಿನವರು ಮೊದಲು ತಡೆದರು. ತಡೆ ತೆರವಾದ ಮೇಲೆ 1970ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕವೂ ಬಂತು. ಕನ್ನಡಕ್ಕೆ ಆ ಪದಕ ಅದೇ ಮೊದಲು. ನಾರಣಪ್ಪನ ಹೆಣ ಮನೆಯಲ್ಲಿ ಕೊಳೆಯುತ್ತಿರುವಾಗ ಅಗ್ರಹಾರದ ಗಂಡಸರು ಶಾಸ್ತ್ರ ಹುಡುಕುತ್ತ ಕೂರುತ್ತಾರೆ; ರಾತ್ರೋರಾತ್ರಿ ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ದಹನ ಮುಗಿಸುವವಳು ಅವನೊಂದಿಗೆ ಬಾಳಿದ ಚಂದ್ರಿ. ತರಗತಿಯಲ್ಲಿ ನಾವು ಆಚಾರ್ಯರ ಸಂಕಟವನ್ನು ವಾರಗಟ್ಟಲೆ ಚರ್ಚಿಸುತ್ತೇವೆ, ಚಂದ್ರಿಯ ಆ ಕೆಲಸಕ್ಕೆ ಒಂದು ಗಂಟೆಯನ್ನೂ ಕೊಡುವುದಿಲ್ಲ.

ಸ್ನೇಹಲತಾ ಅವರನ್ನು ಹಿಡಿದದ್ದು 1976ರ ಮೇ ತಿಂಗಳ ಆರಂಭದಲ್ಲಿ. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದರು, ರೆಡ್ಡಿ ದಂಪತಿ ಅವರ ಸ್ನೇಹಿತರು. ಫರ್ನಾಂಡಿಸ್ ಮೇಲೆ ಹೊರಿಸಿದ ಬರೋಡಾ ಡೈನಮೈಟ್ ಪ್ರಕರಣದ ನಂಟು ಹಚ್ಚಿದರೂ ಕೊನೆಯ ಆರೋಪಪಟ್ಟಿಯಲ್ಲಿ ಸ್ನೇಹಲತಾ ಹೆಸರಿರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಬಂಧಿಸಿಡುವ ಮೀಸಾ ಕಾಯ್ದೆಯಡಿ ಎಂಟು ತಿಂಗಳಿಗೂ ಹೆಚ್ಚು ಕಾಲ ಒಳಗಿಟ್ಟರು. ಅವರಿಗೆ ಉಬ್ಬಸ. ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೂಗು ತಮಗೆ ಕೇಳುತ್ತಿತ್ತೆಂದು ದಂಡವತೆಯವರು ಬರೆದಿದ್ದಾರೆ. ಅಂಥ ಸ್ಥಿತಿಯಲ್ಲೂ ಆಕೆ ಹೆಣ್ಣು ಕೈದಿಗಳನ್ನು ಹೊಡೆಯುವುದರ ವಿರುದ್ಧ ನಿಂತರು, ಅವರ ಊಟಕ್ಕಾಗಿ ಜಗಳವಾಡಿದರು, ಡೈರಿ ಬರೆದರು. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು. ಡೈರಿ ಪುಸ್ತಕವಾದದ್ದು ಆಮೇಲೆ.

ಇಷ್ಟು ದೊಡ್ಡ ಸಾವನ್ನು ಕನ್ನಡನಾಡು ಹೇಗೆ ಮರೆಯಿತು? ನನ್ನ ತವರು ತೀರ್ಥಹಳ್ಳಿ ಕಡೆ. ನನಗೆ ತಿಳಿದ ಉತ್ತರ ಅಲ್ಲಿಯದು. ಆಗ ಮುಖ್ಯಮಂತ್ರಿ ದೇವರಾಜ ಅರಸು. 1974ರ ಭೂಸುಧಾರಣೆ ತಿದ್ದುಪಡಿಯಾದ ಮೇಲೆ ಗೇಣಿದಾರರು ಡಿಕ್ಲರೇಷನ್ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ನಿಂತು, ತಾವು ಉತ್ತ ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡ ವರ್ಷಗಳವು. ನಮ್ಮ ಪಕ್ಕದ ಮನೆಯವರಿಗೂ ಹಾಗೆಯೇ ಗದ್ದೆ ಬಂತು. ಅದು ನ್ಯಾಯವೇ; ಅರಸರ ಮೇಲಿನ ಆ ಗೌರವ ನನ್ನಲ್ಲಿ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಗದ್ದೆ ಕೊಟ್ಟ ಸರ್ಕಾರದ ಜೈಲಿನಲ್ಲೇ ಆ ಹೆಂಗಸು ಉಸಿರಿಗೆ ಒದ್ದಾಡಿದ್ದೂ ನಿಜ. 1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಕಿತ್ತೊಗೆದಾಗ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಅದೇ ಪಕ್ಷ ಗೆದ್ದಿತು. 1978ರ ನವೆಂಬರಿನ ಉಪಚುನಾವಣೆಯಲ್ಲಿ ಚಿಕ್ಕಮಗಳೂರು ಇಂದಿರಾ ಅವರನ್ನು ಲೋಕಸಭೆಗೆ ಕಳಿಸಿತು. ‘ಸಂಸ್ಕಾರ’ ಚಿತ್ರೀಕರಣವಾದ ಊರು ಇರುವುದು ಅದೇ ಜಿಲ್ಲೆಯಲ್ಲಿ. ಉಂಡವರ ಋಣಪ್ರಜ್ಞೆಯನ್ನು ನಾನು ದೂರುವುದಿಲ್ಲ. ಆದರೆ ಆ ಋಣದ ಭಾರದಲ್ಲಿ ಸ್ನೇಹಲತಾ ಕೇಳುವವರಿಲ್ಲದೆ ಹೋದರು.

ಆಶಾ ಧರಣಿಯ ತಿಂಗಳಲ್ಲೇ ಕಂಗನಾ ರಣಾವತ್ ಅವರ ‘ಎಮರ್ಜೆನ್ಸಿ’ ಚಿತ್ರ ಬಂತು. ನೋಡಿದೆ. ಅದು ಇಂದಿರಾ ಗಾಂಧಿಯವರ ಕತೆ. ದೆಹಲಿಯ ಅಧಿಕಾರದ ಕೋಣೆಗಳಿಂದ ಹೊರಗೆ ಬರಲು ಅದಕ್ಕೆ ಮನಸ್ಸಿಲ್ಲ. ಆ ಕಾಲವನ್ನು ಇಂದಿನ ರಾಜಕಾರಣ ನೆನೆಯುವುದೂ ಹೀಗೆಯೇ: ಒಬ್ಬರು ಎದುರಾಳಿಯನ್ನು ಹಣಿಯಲು ಎತ್ತುತ್ತಾರೆ, ಇನ್ನೊಬ್ಬರು ಮುಜುಗರದಿಂದ ಪುಟ ತಿರುಗಿಸುತ್ತಾರೆ. ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಒಳಗಿಡುವ ಕಾನೂನುಗಳು ಈಗಲೂ ಇವೆ. ಪ್ರತಿಭಟನೆಗೆ ನಗರದಲ್ಲಿ ಒಂದೇ ಜಾಗ ಎಂಬ ನಿಯಮವನ್ನು ಬೇರೆ ಬೇರೆ ಪಕ್ಷದ ಸರ್ಕಾರಗಳು ಒಂದೇ ಸಮ ಉಳಿಸಿಕೊಂಡಿವೆ. ಇದು ತಪ್ಪು. ಊರಿನ ಕಣ್ಣಿಗೆ ಬೀಳದ ಪ್ರತಿಭಟನೆಗೆ ಅರ್ಧ ಬಲವೂ ಉಳಿಯುವುದಿಲ್ಲ.

‘ಸಂಸ್ಕಾರ’ ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಕಾದಂಬರಿಯ ಜೊತೆಗೆ ಸಿನಿಮಾ ತೋರಿಸಿ. ಸಿನಿಮಾ ಮುಗಿದ ಮೇಲೆ ಸ್ನೇಹಲತಾ ರೆಡ್ಡಿಯವರ ಜೈಲು ಡೈರಿಯ ಒಂದೆರಡು ಪುಟಗಳನ್ನಾದರೂ ಮಕ್ಕಳಿಂದ ಗಟ್ಟಿಯಾಗಿ ಓದಿಸಿ.