ಹಾಡಿಯ ಮಕ್ಕಳ ಸಾವಿನ ಲೆಕ್ಕ

ಕೋವಿಡ್ ಕಾಲದಲ್ಲಿ ‘ಹೆಚ್ಚುವರಿ ಸಾವು’ ಎಂಬ ಮಾತು ಪತ್ರಿಕೆಗಳ ಮುಖಪುಟಕ್ಕೆ ಬಂತು. ಮಾಮೂಲಿ ವರ್ಷದಲ್ಲಿ ಎಷ್ಟು ಜನ ಸಾಯಬಹುದಿತ್ತು, ನಿಜವಾಗಿ ಎಷ್ಟು ಜನ ಸತ್ತರು, ಇವೆರಡರ ನಡುವಿನ ಅಂತರವೇ ಅದು. 2020 ಮತ್ತು 2021ರಲ್ಲಿ ಭಾರತದಲ್ಲಿ ಇಂಥ ಸಾವು ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು; ಕೇಂದ್ರ ಸರ್ಕಾರ ಒಪ್ಪಲಿಲ್ಲ. ಆ ಜಗಳ ಬಹುಪಾಲು ವಯಸ್ಸಾದವರ ಸಾವಿನ ಸುತ್ತಲಿನದು. ಆದರೆ ಒಂದು ಗುಂಪಿನವರು ಉಳಿದವರಿಗಿಂತ ಹೆಚ್ಚಾಗಿ ಯಾಕೆ ಸಾಯುತ್ತಾರೆ ಎಂಬ ಪ್ರಶ್ನೆ ಬಹಳ ಹಳೆಯದು, ಅದರ ನಡುವೆ ಯಾವಾಗಲೂ ಮಕ್ಕಳಿದ್ದಾರೆ. ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ತಿತಿಮತಿಯಲ್ಲಿ ನಿಂತು ನೋಡಿದರೆ ಆ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಹೋಗುವ ರಸ್ತೆ ನಾಗರಹೊಳೆಯ ಕಾಡು ಹಾದು, ಆನೆಚೌಕೂರು ದಾಟಿ ತಿತಿಮತಿಗೆ ಬರುತ್ತದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಕಾಫಿ ತೋಟ. ಜೇನುಕುರುಬರ, ಬೆಟ್ಟಕುರುಬರ, ಎರವರ ಹಾಡಿಗಳು, ಅಂದರೆ ಆದಿವಾಸಿ ವಸತಿಗಳು, ಇವೆರಡರ ಅಂಚಿನಲ್ಲಿವೆ. ಎಷ್ಟೋ ಕುಟುಂಬಗಳು ತೋಟದ ಕೂಲಿಗಾರರ ಲೈನ್ ಮನೆಗಳಲ್ಲಿವೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 5.54 ಲಕ್ಷ, ಅದರಲ್ಲಿ ಪರಿಶಿಷ್ಟ ಪಂಗಡದವರು ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು. ಜಿಲ್ಲೆಗೊಂದು ಸರಾಸರಿ ತೆಗೆದರೆ ಆ ಹತ್ತನೆಯ ಪಾಲು ಉಳಿದ ಒಂಬತ್ತು ಪಾಲಿನ ಕೆಳಗೆ ಮುಚ್ಚಿಹೋಗುತ್ತದೆ. ಜನಸಂಖ್ಯಾ ಶಾಸ್ತ್ರದ ಇಡೀ ಚರಿತ್ರೆಯನ್ನು ಆ ಮುಚ್ಚಿಗೆಯನ್ನು ಒಂದೊಂದೇ ಪದರ ಸರಿಸಿದ ಚರಿತ್ರೆ ಎಂದೇ ಓದಬಹುದು.

1662ರಲ್ಲಿ ಲಂಡನ್ನಿನ ಜಾನ್ ಗ್ರಾಂಟ್, ವಾರವಾರದ ಸಾವಿನ ಪಟ್ಟಿಗಳನ್ನು ಕೂಡಿಸಿ, ಹುಟ್ಟಿದ ನೂರರಲ್ಲಿ ಸುಮಾರು 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಾರೆಂದು ಅಂದಾಜು ಮಾಡಿದ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಫಾರ್ ಇನ್ನೊಂದು ಹೆಜ್ಜೆ ಇಟ್ಟ. ವರ್ಷಕ್ಕೆ ಸಾವಿರಕ್ಕೆ 17ಕ್ಕಿಂತ ಹೆಚ್ಚು ಜನ ಸಾಯದ ಇಂಗ್ಲೆಂಡಿನ ‘ಆರೋಗ್ಯವಂತ’ ಜಿಲ್ಲೆಗಳನ್ನು ಅಳತೆಗೋಲಾಗಿಟ್ಟು, ಅದರ ಮೇಲಿನದೆಲ್ಲ ತಪ್ಪಿಸಬಹುದಾಗಿದ್ದ ಸಾವು ಎಂದ. ಸಾವನ್ನು ವಿಧಿಯ ಕೈಯಿಂದ ಆಡಳಿತದ ಕೈಗೆ ತಂದ ಮಾತು ಅದು. ಅವನ ಮುಂದೆ ಪ್ರತಿ ಸಾವಿನ ದಾಖಲೆಯಿತ್ತು ಎಂಬುದನ್ನು ಮಾತ್ರ ಮರೆಯಬಾರದು.

ನಮ್ಮಲ್ಲಿ ದಾಖಲೆ ಇರಲಿಲ್ಲ, ಆದ್ದರಿಂದ ಮನೆಮನೆಗೆ ಹೋಗಿ ಕೇಳಬೇಕಾಯಿತು. 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ರಾಜ್ಯದಲ್ಲಿ ನಡೆಸಿದ ಜನಸಂಖ್ಯಾ ಅಧ್ಯಯನ ಆ ಬಗೆಯ ದೊಡ್ಡ ಕೆಲಸಗಳಲ್ಲಿ ಮೊದಲ ಸಾಲಿನದು. ವರದಿ 1961ರಲ್ಲಿ ಅಚ್ಚಾಯಿತು. 1969ರ ಕಾನೂನು ಜನನ ಮರಣ ನೋಂದಣಿಯನ್ನು ಕಡ್ಡಾಯ ಮಾಡಿತು. ಕಾನೂನು ಊರೂರು ತಲುಪುವ ತನಕ ಕಾಯಲಾಗದೆ, ಆಯ್ದ ಊರುಗಳಲ್ಲಿ ಹುಟ್ಟು ಸಾವುಗಳನ್ನು ನಿರಂತರವಾಗಿ ಬರೆದಿಡುವ ಮಾದರಿ ನೋಂದಣಿ ವ್ಯವಸ್ಥೆ ಅದೇ ಹೊತ್ತಿಗೆ ದೇಶದಾದ್ಯಂತ ಹಬ್ಬಿತು. ಅದರ ಪ್ರಕಾರ 1971ರಲ್ಲಿ ದೇಶದ ಒಟ್ಟು ಸಾವಿನ ಪ್ರಮಾಣ ಸಾವಿರಕ್ಕೆ 14.9, ಶಿಶು ಮರಣ 129. 2020ಕ್ಕೆ ಬಂದರೆ 6 ಮತ್ತು 28. ಅಂದರೆ 1971ರಲ್ಲಿ ಹುಟ್ಟಿದ ಮಗುವಿಗೆ ವರ್ಷದೊಳಗೆ ಸಾಯುವ ಅಪಾಯ ಒಟ್ಟು ಜನರ ಸರಾಸರಿಯ ಎಂಟೂವರೆ ಪಟ್ಟಿಗಿಂತ ಹೆಚ್ಚಿತ್ತು, 2020ರಲ್ಲಿ ಐದು ಪಟ್ಟಿಗಿಂತ ಕಡಿಮೆ. ಜನರ ವಯಸ್ಸಿನ ಹಂಚಿಕೆ ನಡುವೆ ಬದಲಾಗಿರುವುದರಿಂದ ಇದು ಒರಟು ಭಾಗಾಕಾರ. ಆದರೂ ಲಸಿಕೆ, ಓಆರ್‌ಎಸ್, ಆಸ್ಪತ್ರೆಯ ಹೆರಿಗೆ, ಕುಡಿಯುವ ನೀರು ಇವೆಲ್ಲ ಎಳೆಯರನ್ನು ಎಷ್ಟು ಕಾಪಾಡಿವೆ ಎಂಬುದು ಕಾಣುತ್ತದೆ. 2020ರಲ್ಲೇ ಕರ್ನಾಟಕದ ಶಿಶು ಮರಣ 19ಕ್ಕೆ ಇಳಿದಿತ್ತು.

ಮಾದರಿ ನೋಂದಣಿ ರಾಜ್ಯದ ಮಟ್ಟಕ್ಕೆ ಸಾಕು, ಜಿಲ್ಲೆಗೆ ಸಾಲದು. ಇಲ್ಲಿ ನೆರವಾದದ್ದು ವಿಲಿಯಂ ಬ್ರಾಸ್ 1960ರ ದಶಕದಲ್ಲಿ ಆಫ್ರಿಕಾದ ಅಂಕಿಅಂಶಗಳ ಮೇಲೆ ರೂಪಿಸಿದ ವಿಧಾನ: ತಾಯಿಗೆ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದಿದ್ದಾರೆ ಎಂಬ ಎರಡೇ ಪ್ರಶ್ನೆ, ಜೊತೆಗೆ ಆಕೆಯ ವಯಸ್ಸು. 1981ರ ಜನಗಣತಿ ಇದನ್ನು ಕೇಳಿತು, ಜಿಲ್ಲಾವಾರು ಮಕ್ಕಳ ಮರಣದ ಅಂದಾಜು 1988ರಲ್ಲಿ ಹೊರಬಂತು. ಇಂಥ ಲೆಕ್ಕಗಳನ್ನು ಒರೆಗೆ ಹಚ್ಚಿ, ಜಿಲ್ಲೆಜಿಲ್ಲೆಯ ಚಿತ್ರ ಬಿಡಿಸಿದವರಲ್ಲಿ ಧಾರವಾಡದ ಜನಸಂಖ್ಯಾ ಸಂಶೋಧನಾ ಕೇಂದ್ರದಲ್ಲಿ ದುಡಿದ ಪಿ. ಎನ್. ಮಾರಿ ಭಟ್ ಅವರದು ದೊಡ್ಡ ಹೆಸರು. ಅದೇ ಕಾಲಕ್ಕೆ ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ. ಎಚ್. ರೆಡ್ಡಿ ಅವರು ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿಯೊಂದಿಗೆ ಕರ್ನಾಟಕದ ಹಳ್ಳಿಗಳಲ್ಲಿ ಉಳಿದು ಕೆಲಸ ಮಾಡಿ, ಮಗು ಉಳಿಯುವುದರಲ್ಲಿ ಔಷಧದಷ್ಟೇ ತಾಯಿಯ ಓದಿಗೂ ಪಾಲಿದೆ ಎಂದು ತೋರಿಸಿದರು. ಮಗುವಿಗೆ ಹುಷಾರಿಲ್ಲ ಎಂದು ಅತ್ತೆಯ ಅಪ್ಪಣೆಗೆ ಕಾಯದೆ ಹೊರಡಬಲ್ಲ ಸೊಸೆ! ಅಂಕಿಅಂಶದೊಳಗೆ ಮನೆ ಕಾಣಿಸಿದ್ದು ಆಗ.

ಹೆಣ್ಣುಮಕ್ಕಳ ಹೆಚ್ಚುವರಿ ಸಾವು ಮುಂದಿನ ಪದರ. ಮೋನಿಕಾ ದಾಸ್ ಗುಪ್ತ 1987ರಲ್ಲಿ ಪಂಜಾಬಿನಿಂದ ಬರೆದದ್ದರಿಂದ ಹಿಡಿದು, ಐದು ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ವರ್ಷಕ್ಕೆ ಸುಮಾರು 2.39 ಲಕ್ಷ ಹೆಚ್ಚುವರಿ ಸಾವು ಎಂದ 2018ರ ಅಧ್ಯಯನದವರೆಗೆ ಈ ದಾರಿ ಉದ್ದವಾಗಿದೆ. ಅದರ ಭಾರ ಉತ್ತರ ಭಾರತದ ಕಡೆಗೆ ಹೆಚ್ಚು. ತಿತಿಮತಿಗೆ ಬೇಕಾದ ಪದರ ಬೇರೆ.

ಅದು ಸ್ಪಷ್ಟವಾಗಿ ಕಂಡದ್ದು 2005–06ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ. ಹುಟ್ಟಿದ ತಿಂಗಳೊಳಗಿನ ಸಾವು ಪರಿಶಿಷ್ಟ ಜಾತಿಯಲ್ಲಿ ಸಾವಿರಕ್ಕೆ 46.3, ಪರಿಶಿಷ್ಟ ಪಂಗಡದಲ್ಲಿ 39.9, ಜಾತಿ ಪಟ್ಟಿಗಳಿಂದ ಹೊರಗಿನ ಇತರರಲ್ಲಿ 34.5. ಆದಿವಾಸಿ ಹಸುಗೂಸಿನ ಸ್ಥಿತಿ ಎಲ್ಲರಿಗಿಂತ ಕೆಟ್ಟದ್ದೇನೂ ಆಗಿರಲಿಲ್ಲ. ಒಂದು ವರ್ಷ ತುಂಬಿದ ಮಕ್ಕಳು ಐದು ತುಂಬುವ ಮೊದಲು ಸಾಯುವ ಲೆಕ್ಕಕ್ಕೆ ಬಂದರೆ ಚಿತ್ರ ತಲೆಕೆಳಗಾಗುತ್ತದೆ: ಇತರರಲ್ಲಿ 10.8, ಪರಿಶಿಷ್ಟ ಜಾತಿಯಲ್ಲಿ 23.2, ಪರಿಶಿಷ್ಟ ಪಂಗಡದಲ್ಲಿ 35.8. ಮೂರು ಪಟ್ಟು! ಮೈತ್ರೇಯಿ ಬೋರ್ದಿಯಾ ದಾಸ್ ಮತ್ತು ಸಂಗಡಿಗರು 2010ರಲ್ಲಿ ವಿಶ್ವಬ್ಯಾಂಕಿಗಾಗಿ ಇದನ್ನೇ ಬಿಡಿಸಿ ನೋಡಿ, ಆದಿವಾಸಿ ಮಕ್ಕಳ ಹೆಚ್ಚುವರಿ ಸಾವು ಹೆರಿಗೆಯ ಮಂಚದಲ್ಲಲ್ಲ, ಆಮೇಲಿನ ವರ್ಷಗಳಲ್ಲಿದೆ ಎಂದರು. ಈ ಕ್ಷೇತ್ರದಲ್ಲಿ ನಾನು ಓದಿದ ಬರಹಗಳಲ್ಲಿ ಇಷ್ಟು ನೇರವಾಗಿ ಕೆಲಸದ ದಾರಿ ತೋರಿಸುವುದು ಇನ್ನೊಂದಿಲ್ಲ. ಒಂದರಿಂದ ಐದು ವರ್ಷದ ಮಗುವನ್ನು ಕೊಲ್ಲುವುದು ಭೇದಿ, ನ್ಯುಮೋನಿಯಾ, ಜ್ವರ; ಅವು ಕೊಲ್ಲುವಷ್ಟು ಮಗುವನ್ನು ಬಡಕಲು ಮಾಡುವುದು ಹಸಿವು. ಎದೆಹಾಲು ಬಿಡಿಸುವ ಹೊತ್ತಿಗೆ ತಾಯಿ ತೋಟದ ಕೆಲಸಕ್ಕೆ ಹೊರಟಿರುತ್ತಾಳೆ, ಮಗು ಅಕ್ಕನ ಸೊಂಟದ ಮೇಲಿರುತ್ತದೆ. ನೀಲಗಿರಿಯ ಸುತ್ತಿನ ಬುಡಕಟ್ಟುಗಳಲ್ಲಿ 1952ರಲ್ಲೇ ಗುರುತಿಸಲಾದ ಕುಡುಗೋಲು ಕಣ ರಕ್ತಹೀನತೆಯೂ ಇದಕ್ಕೆ ಸೇರಿದೆ. ಅದಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2023ರಲ್ಲಿ.

ಅಳತೆಯನ್ನೂ ಆರೈಕೆಯನ್ನೂ ಒಟ್ಟಿಗೆ ಮಾಡಿದವರು ಮಹಾರಾಷ್ಟ್ರದ ಗಡ್‌ಚಿರೋಲಿಯ ಅಭಯ್ ಮತ್ತು ರಾಣಿ ಬಂಗ್. ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಯಲ್ಲೇ ನವಜಾತ ಶಿಶುವನ್ನು ನೋಡಿಕೊಂಡಾಗ, ಮೂರನೆಯ ವರ್ಷಕ್ಕೆ ಆ ಸಾವುಗಳು ನೂರಕ್ಕೆ 62ರಷ್ಟು ಇಳಿದವೆಂದು ಅವರು 1999ರಲ್ಲಿ ಪ್ರಕಟಿಸಿದರು. ಇಂದು ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ 42 ದಿನಗಳೊಳಗೆ ಆರೇಳು ಸಲ ಹೋಗುವುದು ಅದರ ಫಲ. ಮೂರರಿಂದ ಹದಿನೈದು ತಿಂಗಳವರೆಗೆ ಮತ್ತೆ ಐದು ಭೇಟಿಗಳನ್ನು 2018ರಲ್ಲಿ ಸೇರಿಸಲಾಯಿತು. ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ 1981ರಿಂದ, ನಾಗರಹೊಳೆಯ ಆಚೆ ಬದಿಯ ಹೆಗ್ಗಡದೇವನಕೋಟೆಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರ ನಂತರ ಕಟ್ಟಿದ ಆರೋಗ್ಯ ಕೆಲಸವೂ ಇದೇ ಹಾದಿಯದು. ಜೇನುಕುರುಬ, ಕೊರಗ ಮೊದಲಾದ ಸಮುದಾಯಗಳಿಗೆ ಸರ್ಕಾರ ಕೊಡುವ ಮೊಟ್ಟೆ, ಬೇಳೆ, ಬೆಲ್ಲ, ತುಪ್ಪದ ಪೌಷ್ಟಿಕ ಆಹಾರ ಸರಿಯಾಗಿ ಆ ಒಂದರಿಂದ ಐದರ ವಯಸ್ಸಿಗೆ ತಾಗುವಂಥದ್ದು. ಅದು ತಡವಾದ ತಿಂಗಳು ಸಣ್ಣ ವಿಷಯವಲ್ಲ.

ಇಷ್ಟಾದ ಮೇಲೆ ಅಂತರ ಕುಗ್ಗಿತೇ? ಮೂರನೆಯ ಸಮೀಕ್ಷೆಯ ನಂತರದ ಎರಡು ಸುತ್ತುಗಳನ್ನು ನೋಡೋಣ. 2015–16ರಲ್ಲಿ ಐದು ವರ್ಷದೊಳಗಿನ ಮರಣ ದೇಶದಲ್ಲಿ 49.7, ಪರಿಶಿಷ್ಟ ಪಂಗಡದಲ್ಲಿ 57.2. 2019–21ರಲ್ಲಿ 41.9 ಮತ್ತು 50.3. ಎರಡೂ ಇಳಿದಿವೆ. ಅಂತರ ಮಾತ್ರ ಏಳೂವರೆಯಿಂದ ಎಂಟು ದಾಟಿದೆ. ಹೊಸ ಸೌಲಭ್ಯ ಮೊದಲು ಉಳ್ಳವರನ್ನು ಮುಟ್ಟುತ್ತದೆ, ಆಗ ಅಂತರ ಹಿಗ್ಗುತ್ತದೆ, ಉಳ್ಳವರು ಇನ್ನು ಇಳಿಯಲಾಗದ ಮಟ್ಟ ತಲುಪಿದ ಮೇಲಷ್ಟೇ ಬಡವರು ಹತ್ತಿರ ಬರುತ್ತಾರೆ ಎಂದು ಬ್ರೆಜಿಲ್‌ನ ಸೀಸರ್ ವಿಕ್ಟೋರಾ 2000ದಲ್ಲೇ ಹೇಳಿದ್ದರು. ಅದನ್ನು ನಿಸರ್ಗದ ನಿಯಮ ಎಂಬಂತೆ ಒಪ್ಪಿಕೊಂಡು ಕೂರುವುದು ನನ್ನಿಂದ ಆಗದು.

ಇವೆಲ್ಲ ದೇಶದ ಅಂಕಿಗಳು. ಕುಟುಂಬ ಆರೋಗ್ಯ ಸಮೀಕ್ಷೆಯ ಕೊಡಗು ಜಿಲ್ಲಾ ಪಟ್ಟಿಯಲ್ಲಿ ಲಸಿಕೆ, ರಕ್ತಹೀನತೆ, ಹೆರಿಗೆ ಎಲ್ಲ ಇದೆ, ಶಿಶು ಮರಣ ಇಲ್ಲ. ಜಿಲ್ಲೆಯ ಮಾದರಿ ಅದಕ್ಕೆ ಸಾಲುವಷ್ಟು ದೊಡ್ಡದಲ್ಲ. ಹಾಡಿಗಿಳಿದರೆ ಪ್ರಮಾಣ ಎಂಬುದಕ್ಕೇ ಅರ್ಥ ಉಳಿಯುವುದಿಲ್ಲ. ವರ್ಷಕ್ಕೆ ಹತ್ತು ಹೆರಿಗೆಯಾಗುವ ಹಾಡಿಯಲ್ಲಿ ಒಂದು ಮಗು ಹೋದರೆ ಸಾವಿರಕ್ಕೆ ನೂರು, ಮರುವರ್ಷ ಯಾವ ಮಗುವೂ ಹೋಗದಿದ್ದರೆ ಸೊನ್ನೆ. ಹುಟ್ಟಿದ ಎರಡನೆಯ ದಿನ, ಹೆಸರಿಡುವ ಮೊದಲೇ ತೀರಿಕೊಂಡ ಮಗು ಹುಟ್ಟಿನ ಪುಸ್ತಕಕ್ಕೂ ಸೇರದೆ, ಸಾವಿನ ಪುಸ್ತಕಕ್ಕೂ ಸೇರದೆ ಉಳಿಯಬಹುದು. ಜನ ಜಾಗ ಬದಲಿಸಿದಾಗಲೂ ದಾಖಲೆ ತಪ್ಪುತ್ತದೆ: 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ನೂರಾರು ಗುಡಿಸಲುಗಳನ್ನು ಕೆಡವಿ, ಆಮೇಲೆ ಕುಟುಂಬಗಳನ್ನು ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಕಳಿಸಿದರು. ಅಂಥ ಸ್ಥಳಾಂತರದಲ್ಲಿ ಅಂಗನವಾಡಿಯ ಹೆಸರಿನಿಂದ ತಾಯಿ ಕಾರ್ಡಿನವರೆಗೆ ಎಲ್ಲವನ್ನೂ ಮೊದಲಿನಿಂದ ಜೋಡಿಸಬೇಕಾಗುತ್ತದೆ. ಅಭಯ್ ಬಂಗ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ 2018ರ ವರದಿಯಲ್ಲಿ ಬುಡಕಟ್ಟು ಆರೋಗ್ಯದ ಅಂಕಿಅಂಶಗಳೇ ಇಲ್ಲದಿರುವುದನ್ನು ಎತ್ತಿ ಹೇಳಿತ್ತು.

ಹಾಡಿಯ ಮಟ್ಟದಲ್ಲಿ ಪ್ರಮಾಣ ಬೇಕಿಲ್ಲ, ಒಂದೊಂದು ಸಾವಿನ ಕಥೆ ಬೇಕು. ಜ್ವರ ಯಾವಾಗ ಬಂತು, ಯಾರಿಗೆ ತೋರಿಸಿದರು, ಗಾಡಿ ಸಿಕ್ಕಿತೇ, ಎಲ್ಲಿಂದ ಎಲ್ಲಿಗೆ ಕಳಿಸಿದರು ಎಂದು ತಾಯಿಯ ಬಳಿ ಕೂತು ಕೇಳಿ ಬರೆಯುವ ಮಕ್ಕಳ ಮರಣ ಪರಿಶೀಲನೆಯ ಕ್ರಮ ದಶಕದಿಂದ ಇದೆ. ಅದರಲ್ಲಿ ಸಮುದಾಯದ ಹೆಸರನ್ನು ಬರೆದು, ಜಿಲ್ಲೆಯ ಎಲ್ಲ ಹಾಡಿಗಳದನ್ನು ನಾಲ್ಕೈದು ವರ್ಷ ಕೂಡಿಸಿದರೆ ಎರವರ, ಜೇನುಕುರುಬರ ಮಕ್ಕಳ ಹೆಚ್ಚುವರಿ ಸಾವು ಮೊದಲ ಸಲ ಕಣ್ಣಿಗೆ ಕಾಣುವಷ್ಟು ಗಟ್ಟಿಯಾಗುತ್ತದೆ. ಇನ್ನೊಂದು ಅವಕಾಶ ಹದಿನಾರು ವರ್ಷಗಳ ನಂತರ ಬರುತ್ತಿರುವ ಜನಗಣತಿ. ಎಷ್ಟು ಹುಟ್ಟಿದರು, ಎಷ್ಟು ಉಳಿದರು ಎಂಬ ಪ್ರಶ್ನೆ ಈ ಸಲವೂ ಇರಲೇಬೇಕು. ಎಣಿಕೆ ನಿಗದಿಯಾಗಿರುವುದು 2027ರ ಫೆಬ್ರವರಿಗೆ. ತಿತಿಮತಿಯ ಸುತ್ತ ಅದು ರೋಬಸ್ಟಾ ಕಾಫಿ ಕೊಯ್ಯುವ ಕಾಲ, ಹಗಲು ಹಾಡಿಗಳಲ್ಲಿ ಜನ ಇರುವುದಿಲ್ಲ. ಎಣಿಸುವವರು ಸಂಜೆ ಕೆಲಸ ಬಿಟ್ಟ ಮೇಲೆ ಲೈನ್ ಮನೆಗಳಿಗೆ ಹೋಗಬೇಕು, ತಾಯಿಯನ್ನೇ ಕೇಳಬೇಕು.